ಮೆಷಿನ್ನಿಗಿಂತ ಮೊದಲು ಮೂಗು

ವರ್ತೂರಿನ ಡೇರಿಯಲ್ಲಿ ಬೆಳಗಿನ ಐದೂವರೆಗೆ
ಕ್ಯಾನಿನ ಮುಚ್ಚಳ ತೆಗೆದು ಮೊದಲು ಮೂಸುತ್ತೇನೆ.
ಫ್ಯಾಟು, ಎಸ್ಸೆನ್ನೆಫ್ಫು ಆಮೇಲೆ ಮೆಷಿನ್ನು ಹೇಳಲಿ.

ಅಬ್ಬಯ್ಯಣ್ಣನದು ಹೂಕೋಸು:
ರಾತ್ರಿ ಮಡಿವಾಳ ಮಾರ್ಕೆಟ್ಟಿನಿಂದ ಆಟೋ ತುಂಬ ಎಲೆ ಬಂದಿದೆ.
ಗುಂಜೂರಿನ ಹುಡುಗನದು ತೆಳ್ಳಗೆ, ನೀಲಿ ನೀಲಿ;
"ನೀರು ಹಾಕಿಲ್ಲ ಅಕ್ಕಾ, ನಮ್ಮಮ್ಮನಾಣೆ!"
ಹಾಕಿಲ್ಲ, ನಿಜ. ಛತ್ರದ ಅನ್ನ ಹಾಕಿದ್ದಾನೆ,
ಒಣಹುಲ್ಲು ಹಾಕಿಲ್ಲ.
ಕೆರೆಯಂಚಿನ ಜೊಂಡು ಮೇಯ್ದವಕ್ಕೆ ಬೇರೆಯೇ ಒಂದು ವಾಸನೆ,
ಅದಕ್ಕೆ ನನ್ನ ಹತ್ತಿರ ಹೆಸರಿಲ್ಲ.

ಪಿಳ್ಳಮ್ಮನ ಹಾಲು ಸೋಮವಾರ ನಾಲಿಗೆಗೆ ಉಪ್ಪುಪ್ಪು.
ಕರಿ ಬಟ್ಟೆಯ ಮೇಲೆ ಹಿಂಡಿಸಿದೆ: ಹಿಟ್ಟಿನಂಥ ಗರಣೆ.
"ಕೆಚ್ಚಲು ಬಾವು" ಅಂದೆ. "ನೆಲ ಒದ್ದೆ ಕಣವ್ವ,
ಮೇಲ್ಗಡೆ ಅಪಾರ್ಟ್‌ಮೆಂಟಿನ ನೀರೆಲ್ಲ ನಮ್ಮ ಕೊಟ್ಟಿಗೆಗೇ."

ಡಾಕ್ಟರು ಸೂಜಿ ಚುಚ್ಚಿ ಐದು ದಿನ ಹಾಲು ಬೇಡ ಅಂದರು.
ಐದು ದಿನವೂ ಬಂದಳು, ಕ್ಯಾನಿಲ್ಲದೆ,
ಪಾಸ್‌ಬುಕ್ಕು ಚಾಚಿ, "ಸೊನ್ನೆ ಬರಿ."
ಬರೆಯೋದು ಬೇಡ ಅಂದರೂ ಕೇಳಲಿಲ್ಲ.
ಚರಂಡಿಗೆ ಸುರಿದ ಹನ್ನೊಂದು ಹನ್ನೊಂದು ಲೀಟರಿಗೆ
ಎಲ್ಲಾದರೂ ಒಂದು ಗುರುತು ಬೇಕಿತ್ತೇನೋ.

ಆಮೇಲೆ ನೆಲಕ್ಕೆ ರಬ್ಬರ್ ಮ್ಯಾಟು, ಕೆಚ್ಚಲಿಗೆ ಬಿಸಿನೀರು,
ಕರೆದ ಕೂಡಲೇ ಹಸು ಮಲಗದ ಹಾಗೆ
ಮುಂದೆ ಒಂದು ಹಿಡಿ ಹುಲ್ಲು.

ಇವತ್ತು ಕ್ಯಾನು ತಂದಿಟ್ಟಳು. ಮುಚ್ಚಳ ತೆಗೆದೆ.
"ಏನ್ ಬಂತು ಮೂಗಿಗೆ?"
ಇನ್ನೊಮ್ಮೆ ಬಗ್ಗಿದೆ.
"ಏನೂ ಇಲ್ಲ ಪಿಳ್ಳಮ್ಮ."
ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಹಿಂದಿನವನು ಕ್ಯಾನು ಮುಂದೆ ತಳ್ಳಿದ: ಮೂಲಂಗಿ.