ಏಳು ಮಿಲಿಮೀಟರ್

ಮೊಖೊಟ್ಲಾಂಗಿನ ದವಾಖಾನೆ. ಹೊರಗೆ ಕುದುರೆಯ ಬೆನ್ನಿಂದ
ಹಬೆ ಏಳುತ್ತಿದೆ. ಮಕೆನೆವೆ ಕಂಬಳಿಯ ಪಿನ್ನು ಬಿಚ್ಚಿ
ಮೊಮ್ಮಗನನ್ನು ಹೊರತೆಗೆದಳು,
ಬೂದಿಯೊಳಗಿಂದ ಸುಟ್ಟ ಗೆಣಸು ತೆಗೆದಂತೆ.

ಲೆಫಾನಿಗೆ ಮೊನ್ನೆ ಎರಡು ತುಂಬಿತು.
ಹಿಮ್ಮಡಿ ಹಲಗೆಗೆ, ಮಂಡಿ ನೆಟ್ಟಗೆ,
ಗದ್ದ ಹಿಡಿದು, ಅಳು ನಿಂತ ಗಳಿಗೆಯಲ್ಲಿ ಓದಿದೆ:
ಎಂಬತ್ತನಾಲ್ಕು ಪಾಯಿಂಟ್ ನಾಲ್ಕು.

ಅಕ್ಷರ ಬಾರದ ಅಜ್ಜಿಗೆ ಅಂಕಿ ಬರುತ್ತದೆ.
"ಹೋದ ತಿಂಗಳು ಪಾಯಿಂಟ್ ಆರು ಇತ್ತಲ್ಲ, ಸಿಸ್ಟರ್?
ನನ್ನ ಕೈಯಲ್ಲಿ ಕುಗ್ಗಿದನೇ?"

ಇಲ್ಲಮ್ಮ. ಆಗ ಮಲಗಿಸಿ ಅಳೆದಿದ್ದೆ.
ಎದ್ದು ನಿಂತರೆ ಯಾರಾದರೂ ಒಂದಿಷ್ಟು ಗಿಡ್ಡ;
ತಲೆಯ ಭಾರ ಬೆನ್ನು ಹೊರಬೇಕಲ್ಲ.
ಆ ಏಳು ಮಿಲಿಮೀಟರ್ ನೆಲಕ್ಕೆ ಕಟ್ಟುವ ಸುಂಕ.
ಕೂಡಿಸಿ ನೋಡು, ಬೆಳೆದಿದ್ದಾನೆ.

ನಕ್ಕಳು. ಮುಂದಿನ ಎರಡು ಹಲ್ಲಿಲ್ಲ.
ಇಲ್ಲಿಗೇ ಮುಗಿಸಬಹುದಿತ್ತು.

ಆದರೆ ಕೆಳಗೆ ಇನ್ನೊಂದು ಗೆರೆ, ತೂಕದ್ದು.
ಹತ್ತು ಕಿಲೋ ಇನ್ನೂರು. ಮೇ, ಜೂನ್, ಜುಲೈ, ಅದೇ.
ಒಂದು ಚುಕ್ಕೆ ಸುಳ್ಳು ಹೇಳೀತು:
ಕಂಬಳಿ ತೆಗೆಯಲು ಮರೆತಿರಬಹುದು,
ತಕ್ಕಡಿಯ ಮುಳ್ಳೇ ಜಡ್ಡುಗಟ್ಟಿರಬಹುದು.
ಮೂರು ಚುಕ್ಕೆ ಮಾತಾಡಿಕೊಂಡು ಸುಳ್ಳು ಹೇಳುವುದಿಲ್ಲ.
ಮಗು ಎದ್ದು ನಿಂತಿದೆ,
ಗೆರೆ ಮಲಗಿದೆ.

ಕೆನೆವೆ ಮಾಸೆರುವಿನ ಜೀನ್ಸ್ ಕಾರ್ಖಾನೆಗೆ ಹೋದದ್ದು ಏಪ್ರಿಲ್‌ನಲ್ಲಿ.
ಅದನ್ನು ನಾನು ಎತ್ತಲಿಲ್ಲ. ಕೇಳಿದ್ದಿಷ್ಟೇ:
ನಿನ್ನೆ ಏನೇನು ತಿಂದ?

ಅಜ್ಜಿ ಬೆರಳು ಮಡಿಸಿದಳು. ಬೆಳಿಗ್ಗೆ ಗಂಜಿ.
ಮಧ್ಯಾಹ್ನ ಮೆಕ್ಕೆಜೋಳದ ಮುದ್ದೆ, ಸೊಪ್ಪು.
ಮೂರನೆಯ ಬೆರಳು ಮಡಿಸದೆ ನಿಂತಿತು.

ಲೆಫಾ ನನ್ನ ಪೆನ್ಸಿಲ್ ಕಚ್ಚುತ್ತಿದ್ದ.