ಕಲ್ಲಾದ ಲದ್ದಿಗೊಂದು ಚೀಟಿ

ನಾಗಪುರದ ಕಡೆಯಿಂದ ಬಿಸ್ಕತ್ತಿನ ಡಬ್ಬದಲ್ಲಿ ಬಂತು,
ಬಾಣಂತಿಯ ಹಾಗೆ ಹತ್ತಿ ಸುತ್ತಿಕೊಂಡು.
ಹಾಲೇಶಪ್ಪ ಮೇಷ್ಟ್ರು ನನ್ನ ಅಂಗೈಗಿಟ್ಟು
‘ಏನಿದು, ಹೇಳು’ ಅಂದರು.
ಸುಟ್ಟ ಗೆಣಸಿನ ಬಣ್ಣ, ಒಂದು ತುದಿ ಚೂಪು,
ಒಣಗುವಾಗ ಬಿಟ್ಟ ಬಿರುಕು ಮೈಮೇಲೆ.
ಇಪ್ಪತ್ತೆರಡು ವರ್ಷ ಈ ಲ್ಯಾಬು ಗುಡಿಸಿದ್ದೇನೆ,
ಅದಕ್ಕೂ ಮೊದಲು ಹದಿನಾರು ವರ್ಷ ಕೊಟ್ಟಿಗೆ.
ನೋಡಿದ ಕೂಡಲೇ ಗೊತ್ತಾಯಿತು,
ಬಾಯಿಬಿಟ್ಟು ಹೇಳಲು ನಾಚಿಕೆ.

ನಮ್ಮ ಮಾತಿನಲ್ಲಿ ಒಂದೊಂದಕ್ಕೂ ಹೆಸರಿದೆ.
ಹಸುವಿನದು ಸಗಣಿ, ಆನೆಯದು ಲದ್ದಿ,
ಆಡಿನದು, ಇಲಿಯದು ಹಿಕ್ಕೆ,
ಎಲ್ಲ ಸೇರಿ ಕೊಳೆತರೆ ಗೊಬ್ಬರ.
ಯಾರದೆಂದು ಗೊತ್ತಿಲ್ಲದ್ದಕ್ಕೆ,
ಆರೂವರೆ ಕೋಟಿ ವರ್ಷ
ಯಾರೂ ಬಾಚದೆ ಉಳಿದದ್ದಕ್ಕೆ, ಹೆಸರಿಲ್ಲ.
‘ಸೋಮವಾರ ಶಾಲೆ ಮಕ್ಕಳು ಬರುತ್ತಾರೆ,
ಕನ್ನಡದಲ್ಲಿ ಒಂದು ಚೀಟಿ ಬರೆ.
ಅಕ್ಷರ ನಿನ್ನದೇ ದುಂಡಗಿದೆ.’

‘ನಮ್ಮ ಕಡೆ ಸಿಗುವುದಿಲ್ಲವಾ ಸಾರ್?’
‘ಇಲ್ಲಿನ ಬಂಡೆ ತೀರ ಹಳೆಯದು ಮಾರಾಯ್ತಿ,
ಲೋಕದಲ್ಲಿ ಹೊಟ್ಟೆ ಅನ್ನುವುದೇ ಹುಟ್ಟುವ ಮೊದಲಿನದು.’
ಆ ರಾತ್ರಿ ಗಂಜಿ ಬಸಿಯುತ್ತ ಅದೇ ಯೋಚನೆ:
ಹಸಿವಿಲ್ಲದ ಶಿವಮೊಗ್ಗ.
‘ಊಟ ಆಯ್ತಾ’ ಅಂತ ಕೇಳುವವರಿಲ್ಲ,
ಆಯ್ತು ಅಂತ ಸುಳ್ಳು ಹೇಳುವವರೂ ಇಲ್ಲ.

ಒಂದು ಚೂರನ್ನು ಆಸಿಡ್‌ನಲ್ಲಿ ಕರಗಿಸಿ
ಉಳಿದ ಗಸಿಯನ್ನು ಗಾಜಿಗೆ ಹಚ್ಚಿ
ನನ್ನನ್ನೂ ಕರೆದು ತೋರಿಸಿದರು.
ಸಣ್ಣ ಸಣ್ಣ ಡಮರುಗ, ರಾಶಿ ರಾಶಿ.
‘ಬತ್ತದ ಗರಿ ಕೈ ಕುಯ್ಯುತ್ತದಲ್ಲ, ಆ ಗಾಜು ಇದು.
ಎಲೆ ಕೊಳೆತರೂ ಇದು ಕೊಳೆಯುವುದಿಲ್ಲ.’
ಕಳೆ ಕೀಳುವಾಗ ಗೀರಿದ ಗಾಯ
ನನ್ನ ತೋರುಬೆರಳಲ್ಲಿ ಇನ್ನೂ ಇದೆ.
ಮನೆಯಷ್ಟೆತ್ತರದ ಪ್ರಾಣಿಯಂತೆ,
ಮೆಂದದ್ದು ನಮ್ಮ ಬತ್ತದ ಮುತ್ತಜ್ಜಿಯ ನೆಂಟರನ್ನು!
ಹುಲ್ಲು ಆಮೇಲೆ ಬಂದದ್ದು
ಎಂದು ಓದಿದವರು ಬರೆದಿಟ್ಟಿದ್ದರಂತೆ.
ಸಗಣಿ ಬಂದು ತಿದ್ದಿತು.

ಗಾಜಿನ ಮೂಲೆಯಲ್ಲಿ ಒಂದು ಮೊಟ್ಟೆ,
ಜಂತುಹುಳದ್ದು, ಚಿಪ್ಪು ಸಮೇತ.
ಮನೆಯೊಡೆಯ ಹೋದ,
ಅವನ ವಂಶವೇ ಹೋಯಿತು.
ಬಾಡಿಗೆಗಿದ್ದವನ ಮಕ್ಕಳು ಮೊಮ್ಮಕ್ಕಳು
ಇವತ್ತಿಗೂ ನಮ್ಮ ಕೇರಿಯಲ್ಲಿದ್ದಾರೆ.

ಹೋಲಿಸಿ ತೋರಿಸಲು ಹಸಿಯದು ಬೇಕೆಂದು
ಭಾನುವಾರ ಸಕ್ರೆಬೈಲಿಗೆ ಹೋದೆ.
ಮಾವುತ ಗೌಸ್ ಪೀರ್ ಒಂದು ಉಂಡೆ ಎತ್ತಿ
ಹೋಳಿಗೆ ಮುರಿದ ಹಾಗೆ ಮುರಿದ.
‘ನಾರು ಉದ್ದುದ್ದ ಉಳಿದದೆ, ಹಲ್ಲು ಸವೆದದೆ.
ಬಿದಿರು ಜಾಸ್ತಿ, ನೀರು ಕಮ್ಮಿ ಕುಡಿದವಳೆ.’
ಆನೆ ಹೊಳೆಯಲ್ಲಿತ್ತು,
ಅವನು ಆ ಕಡೆ ತಿರುಗಿಯೂ ನೋಡಲಿಲ್ಲ.
ವಾಪಸು ಬರುವಾಗ ಸರ್ಕಾರಿ ಬಸ್ಸಿನಲ್ಲಿ
ನನಗೆ ಪುಕ್ಕಟೆ, ಲದ್ದಿಗೆ ಹತ್ತು ರೂಪಾಯಿ ಲಗೇಜು.
‘ಬಕೆಟಲ್ಲೇನಮ್ಮ?’
‘ಪಾಠ’ ಅಂದೆ.
ಪಕ್ಕದ ಸೀಟಿನವರು ಎದ್ದು ಮುಂದೆ ಹೋದರು.

ಎಲುಬು ಸಿಕ್ಕರೆ ಸತ್ತ ಸುದ್ದಿ.
ಇದು ಬಿದ್ದ ಮೇಲೆ ಆ ಪ್ರಾಣಿ
ಬಾಲ ಬೀಸಿಕೊಂಡು ಮುಂದೆ ನಡೆದಿರಬೇಕು,
ನಾಲ್ಕು ಹೆಜ್ಜೆಯಾದರೂ.
ಹೀಗೆಂದುಕೊಂಡು ಬರೆದೆ:
ಕಲ್ಲುಲದ್ದಿ.
ಯಾರದು: ತಿಳಿಯದು.
ಊಟ: ಆಗಿತ್ತು.
ಮೇಷ್ಟ್ರು ಕೊನೆಯ ಸಾಲು ಹೊಡೆದುಹಾಕಿದರು.

ಸೋಮವಾರ ಮಕ್ಕಳಿಗೆ ಶಾಲೆಯಲ್ಲಿ
ಜಂತಿನ ಮಾತ್ರೆ ಚೀಪಿಸಿ ಕಳಿಸಿದ್ದರು.
ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು
ತಾಂಡಾದ ಹುಡುಗಿ ರೂಪ್ಲಿ ಕೇಳಿದಳು,
‘ಅದಕ್ಕೆ ಹೊಟ್ಟೆ ನೋಯ್ತಿತ್ತಾ ಸಾರ್?’
ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು,
ಮುಂದಿನ ಕಪಾಟಿಗೆ ಹೋದರು.

ಎಲ್ಲರೂ ಹೋದ ಮೇಲೆ
ನೆಲ ಒರೆಸಿ, ಕೈ ತೊಳೆದು,
ಚೀಟಿಯ ಕೆಳಗೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿದ್ದೇನೆ.
ಊಟ: ಆಗಿತ್ತು.
ಹೊಟ್ಟೆನೋವು: ಇದ್ದಿರಬಹುದು.