ಒತ್ತಿಗೆ ಬೇರೆ ರೊಕ್ಕ

ನಮ್ಮ ಓಣಿಯ ಬಾವಡಿಗೆ ಬೋರ್ಡು ಬರೆಯಲು ಬಂದ
ಲಾಡ್ಲೇಮಶಾಕ ಪೇಂಟರ
ವಿಜಾಪುರದ ಮಟಮಟ ಬಿಸಿಲಲ್ಲಿ
ತಗಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು
ಚೀಟಿ ಓದಿದ. ಮತ್ತೊಮ್ಮೆ ಓದಿದ.
'ಅಕ್ಕೋರ, ಇದೆಂಥಾ ಶಬ್ದ ರೀ, ಜೀರ್ಣೋದ್ಧಾರ?
ಬಾಜೂಕ ಅರ್ಕಾವೊತ್ತು, ಬುಡಕ ಮತ್ತೊಂದು ಒತ್ತು.
ಒತ್ತಿಗೆ ಬೇರೆ ರೊಕ್ಕ ಆಗತದ.'

ಆರನೇ ಇಯತ್ತೆಗೆ ಹೇಳುವ ಹಾಗೇ ಬಿಡಿಸಿದೆ:
ಜೀರ್ಣ, ಹಳತಾಗಿ ಸವೆದದ್ದು.
ಉದ್ಧಾರ, ಮೇಲೆತ್ತುವುದು.
ಅಕಾರದ ಮುಂದೆ ಉಕಾರ ಬಂದರೆ ಓ. ಗುಣಸಂಧಿ.

ಬ್ರಷ್ಷು ಸೀಮೆಎಣ್ಣೆಯಲ್ಲಿ ಅದ್ದಿ ನಕ್ಕ.
'ಜೀರ್ಣ ಅಂದ್ರ ಉಂಡದ್ದು ಅರಗೂದಲ್ಲೇನ್ರೀ?
ಅಮ್ಮಾ ಅಜವಾನದ ನೀರು ಕುಡಿಸಿ ಕೇಳತಿದ್ಲು.
ಉದ್ಧಾರನೂ ಗೊತ್ತದ. ಅಬ್ಬಾ ದಿನಾ ಅಂತಿದ್ದ,
ಈ ಮಗ ಉದ್ಧಾರ ಆಗೂದಿಲ್ಲ ಬಿಡು.'

ಇಷ್ಟು ವರ್ಷ ಕಲಿಸಿದವಳಿಗೆ ಹೊಳೆದಿರಲಿಲ್ಲ,
ಸವೆಯುವುದಕ್ಕೂ ಅರಗುವುದಕ್ಕೂ ಒಂದೇ ಶಬ್ದ.
ಬಾವಡಿ ಸುಮ್ಮನೆ ಹಾಳುಬಿದ್ದಿರಲಿಲ್ಲ,
ಉಣ್ಣುತ್ತಿತ್ತು:
ಮೊಹರಮ್ಮಿನ ಬಣ್ಣದ ಕಾಗದ, ಗಣಪತಿಯ ಕೈಕಾಲು,
ಸೈಕಲ್ ಟೈರು, ಮುರಿದ ತೊಟ್ಟಿಲ ಹಲಗೆ,
ಇಂದುಮತಿ ಕಟಗೇರಿಯ ಗಂಡನ ವಾಚು
(ಬಿದ್ದದ್ದೋ ಬಿಸಾಕಿದ್ದೋ ಇನ್ನೂ ಇತ್ಯರ್ಥವಾಗಿಲ್ಲ).
ಹೂಳೆತ್ತಿದಾಗ ಹನ್ನೆರಡು ಟ್ರ್ಯಾಕ್ಟರು ಕರಿ ಕೆಸರು;
ಅರಗದೆ ಉಳಿದದ್ದು ಅದರ ಜೊತೆ ಮೇಲೆ ಬಂತು.
ವಾಚಿನ ಪಟ್ಟಿ ಇರಲಿಲ್ಲ. ಮುಳ್ಳು ನಾಲ್ಕೂ ಹತ್ತಕ್ಕೆ ನಿಂತಿತ್ತು.

'ನಮ್ಮ ಮನ್ಯಾಗ ಇದಕ್ಕ ದುರಸ್ತಿ ಅಂತೀವ್ರಿ.
ಗಡಿಯಾರ ದುರಸ್ತಿ, ಛತ್ರಿ ದುರಸ್ತಿ,
ಜ್ವರ ಬಿಟ್ಟರ ತಬಿಯತ್ತೂ ದುರಸ್ತ.
ಮೂರಕ್ಷರ. ಒಂದೇ ಒತ್ತು. ನಿಮ್ಮ ರೊಕ್ಕ ಉಳೀತದ.'

ಕಮಿಟಿಯವರು ಒಪ್ಪುವುದಿಲ್ಲ ಎಂದೆ.
ಛತ್ರಿಗೆ ಯಾರೂ ಜೀರ್ಣೋದ್ಧಾರ ಅನ್ನುವುದಿಲ್ಲ,
ಗುಡಿ, ಮಠ, ಕೆರೆ, ಬಾವಿಗಷ್ಟೇ ಆ ಮಾತು.
ಒಬ್ಬರದು ಕೆಟ್ಟರೆ ಅವರೇ ಆ ಸಂಜೆಯೇ
ದಾರ ಸೂಜಿ ಹುಡುಕಿ ಕೂರುತ್ತಾರೆ.
ಎಲ್ಲರದು ಕೆಟ್ಟು, ಎಲ್ಲರೂ ಎಷ್ಟೋ ವರ್ಷ
ಮೂಗು ಮುಚ್ಚಿಕೊಂಡು ಹಾದುಹೋದ ಮೇಲೆ
ಸಂಸ್ಕೃತ ಬೇಕಾಗುತ್ತದೆ, ರಸೀದಿ ಪುಸ್ತಕ ಬೇಕಾಗುತ್ತದೆ.
ಇಷ್ಟನ್ನೂ ಅವನಿಗೆ ಹೇಳಲಿಲ್ಲ.

ಸಂಜೆ ಬಂದು ನೋಡಿದರೆ, ಜೀರ್ಣೋದ್ದಾರ.
ಒತ್ತಿನ ಹೊಟ್ಟೆ ಸೀಳಿಯೇ ಇಲ್ಲ.
'ಮಹಾಪ್ರಾಣ ಹೋಗ್ಯದಲ್ಲೋ' ಎಂದೆ.

ಗಾಬರಿಬಿದ್ದು
ಬಾವಡಿಯೊಳಗೆ ಬಗ್ಗಿ ನೋಡಿದ.

ತಿಳಿದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ನಕ್ಕೆವು,
ಕೆಳಗಿನ ಮೊಣಕಾಲುದ್ದ ಹೊಸ ನೀರಿಗೆ ಕೇಳುವಷ್ಟು.
ಹಸಿ ಬಣ್ಣದಲ್ಲಿ ಕಿರುಬೆರಳ ಉಗುರಿನಿಂದ
ಸಣ್ಣದೊಂದು ಗೀರು ಎಳೆದ.
'ಆತು. ದುರಸ್ತ.'

ಅದಕ್ಕೆ ರೊಕ್ಕ ಹಿಡಿಯಲಿಲ್ಲ.